ಕೌದಿಯ ಹಿಂದಿನ ಗೋಡೆ

ಸುಣ್ಣ ಸಾಲಲಿಲ್ಲ. ಒಲೆಯ ಮಗ್ಗುಲಿನ ಗೋಡೆ ಮಾರಗಲ ಕರ್ರಗೆ ಹಾಗೇ ಉಳಿಯಿತು. ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಕಪ್ಪು ಚೂಡಿದಾರ ತೊಟ್ಟ ರೇಣಮ್ಮ ಬರುವುದು ಕಂಡಿತು. ದೇವಕಮ್ಮ ಗಡಬಡಿಸಿ, ಸೊಸೆ ಮೋನಮ್ಮ ಹೊಲಿದಿಟ್ಟಿದ್ದ ಹೊಸ ಕೌದಿಯನ್ನು ಗೂಟಕ್ಕೆ ತೂಗುಹಾಕಿ ಆ ಕಪ್ಪನ್ನು ಮುಚ್ಚಿದಳು.

ಕಾಲುವೆ ನೀರು ಬಂದ ಮೇಲೆ ಹೊಲವೆಲ್ಲ ಹತ್ತಿ, ಊರಿನ ಒಲೆಗಳಿಗೆಲ್ಲ ಹತ್ತಿ ಕಟ್ಟಿಗೆಯೇ ಉರುವಲು. ಆ ಹೊಗೆಗೆ ಗೋಡೆಯೆಲ್ಲ ಮಸಿ. ಮೊದಲ ಸಲ ಬಂದಾಗ ರೇಣಮ್ಮ ಅದಕ್ಕೇ ಒರಗಿ ಕೂತಿದ್ದಳು; ಏಳುವಾಗ ಅವಳ ಬಿಳಿ ಓಢಣಿ ಮಸಿಬಟ್ಟೆಯಾಗಿತ್ತು. “ಇರಲಿ ಬಿಡ್ರಿ” ಎಂದು ಹುಡುಗಿ ನಕ್ಕು ಹೋದಳು. ದೇವಕಮ್ಮ ಮಾತ್ರ, ಅವಳು ಮತ್ತೆ ಬರುವಷ್ಟರಲ್ಲಿ ಗೋಡೆಗೆ ಸುಣ್ಣ ಬಳಿಯಲೇಬೇಕೆಂದುಕೊಂಡಳು.

ರೇಣಮ್ಮ ಸುರಪುರದ ಕಡೆಯವಳು, ಮನೆ ಕಟ್ಟುವ ವಿದ್ಯೆ ಓದುತ್ತಿದ್ದಳು. ಊರಿನಲ್ಲಿ ತೀರ ಕತ್ತಲಿರುವ ಮನೆಗಳನ್ನು ಹುಡುಕಿ, ಮಾಳಿಗೆಗೆ ಗಾಜಿನ ಬೆಳಕಿಂಡಿ ಕೂಡಿಸಿಕೊಡುವವರಿದ್ದರು ಅವಳ ಕಾಲೇಜಿನವರು. ಒಳಗೆ ಸೂಜಿ ಕಾಣದೆ, ಉರಿಬಿಸಿಲಿನಲ್ಲಿ ಹೊಸ್ತಿಲ ಮೇಲೆ ಕೂತು ಕೌದಿ ಹೊಲಿಯುವ ಸೊಸೆಗೆ ಅದೊಂದು ಸಿಕ್ಕರೆ ಸಾಕೆಂದು ದೇವಕಮ್ಮನ ಆಸೆ.

“ಏನ್ ಮಾಡಾಕತ್ತೀ ಯವ್ವಾ?” ಬೆಳ್ಳನೆಯ ಗೋಡೆಗೆ ಒರಗಿ ಕೂತ ರೇಣಮ್ಮನ ಲ್ಯಾಪ್‌ಟಾಪಿನೊಳಗೆ ದೇವಕಮ್ಮ ಇಣುಕಿದಳು.

“ನಿಮ್ಮ ಮನಿ ಕಟ್ಟಾಕತ್ತೀನ್ರಿ ಅಮ್ಮಾ. ಮ್ಯಾಲಿನ ಕಲ್ಲು, ನೆಲದ ಪರಸಿ, ಗ್ವಾಡಿ, ಯಾವುದು ಎಷ್ಟು ಬೆಳಕು ತಿರುಗಿ ಒಗೀತದ ಅಂತ ಹೇಳಿದ್ರ, ಒಳಗ ಎಷ್ಟು ಬೆಳಕು ಇರ್ತದ ಅಂತ ಇದು ತೋರಿಸ್ತದ.”

“ಹಂಗಿದ್ರ ಎರಡು ಖೋಲಿ ಜಾಸ್ತೀನೇ ಕಟ್ಟವ್ವಾ, ಅಲ್ಲೇನು ಗೌಂಡಿ ಬೇಕೇನು?” ಮೋನಮ್ಮ ಹೊಸ್ತಿಲಿನಿಂದಲೇ ಚಾಷ್ಟಿ ಮಾಡಿದಳು.

ರೇಣಮ್ಮ ನಗುತ್ತಲೇ ಎದ್ದು, ಬೆಳಕು ಅಳೆಯುವ ಅಂಗೈಯಗಲದ ಮೀಟರನ್ನು ಗೋಡೆಗೆ ಹಿಡಿದಳು. ಇನ್ನೊಂದು ಕಡೆ ಹಿಡಿದಳು. ಲ್ಯಾಪ್‌ಟಾಪಿಗೆ ಬಂದು ಒತ್ತಿದಳು. ನಗು ಸರಿದುಹೋಯಿತು.

“ಅಮ್ಮಾ, ಸುಣ್ಣದ ಗ್ವಾಡಿ ಲೆಕ್ಕಕ್ಕ ಈ ಮನಿಯಾಗ ಬೆಳಕು ಬೇಕಾದಷ್ಟು ಅದ ಅಂತದ್ರಿ. ಬೆಳಕಿಂಡಿ ಬರಂಗಿಲ್ಲ.”

“ಸುಳ್ಳ ಹೇಳ್ತದ ಬಿಡು! ನಿನ್ನಿ ತನಕ ಬಾವಿ ಇದ್ದಂಗಿತ್ತು.”

“ನಾನೇ ನೋಡೀನಲ್ರಿ. ಈ ಸುಣ್ಣ ಒಲಿ ಹೊಗಿಗಿ ಎಷ್ಟು ದಿನ ತಡೀತದ ಅಂತಾನೂ ಗೊತ್ತದ. ಆದ್ರ ಮೀಟರ್ ತೋರಿಸಲಾರದ್ದು ನಾ ಹೆಂಗ ಬರೀಲಿ?”

ಮೋನಮ್ಮ ದಾರ ಪೋಣಿಸಲು ಸೂಜಿಯನ್ನು ಬಿಸಿಲಿಗೆ ಎತ್ತಿ, ಕಣ್ಣು ಕಿರಿದು ಮಾಡಿದಳು. ದೇವಕಮ್ಮ ಅವಳನ್ನು ನೋಡಿದಳು, ಗೂಟದ ಮೇಲಿನ ಕೌದಿಯನ್ನು ನೋಡಿದಳು. ನಾಚಿಕೊಳ್ಳುತ್ತಲೇ ಎದ್ದು ಹೋಗಿ ಕೌದಿ ಇಳಿಸಿದಳು.

“ತಗೋ, ಹಿಡಿ ಇಲ್ಲಿ. ನಮ್ಮ ಖರೇ ಗ್ವಾಡಿ ಇದು.”

ರೇಣಮ್ಮ ಮೀಟರ್ ಹಿಡಿದಳು, ಬರೆದುಕೊಂಡಳು. “ಉಳಿದದ್ದಕ್ಕ ಇವತ್ತೇ ಸುಣ್ಣ ಬಳದಾರ ಅಂತಾನೂ ಬರದೀನ್ರಿ. ಇನ್ನ ಬೆಳಕಿಂಡಿ ಕೊಡಲಾರದ ನಿಮ್ಮ ಮನಿ ಬಿಡಾಕ ಬರಂಗಿಲ್ಲ ಕಾಲೇಜಿನವರಿಗಿ.”

ಮೋನಮ್ಮನ ಮುಖ ಅರಳಿತು. ಚಹಾ ಕುಡಿದು ಹುಡುಗಿ ಓಣಿಗೆ ಇಳಿದದ್ದೇ ತಡ, ಅವಳು ಕಿಸಕ್ಕನೆ ನಕ್ಕಳು. “ಅತ್ತೀ, ಆಕಿ ಬೆನ್ನ ನೋಡ್ರಿ!”

ಕಪ್ಪು ಬಟ್ಟೆಯ ಮೇಲೆ ಹೆಗಲಿನಿಂದ ಸೊಂಟದವರೆಗೆ ಬೆಳ್ಳನೆಯ ಸುಣ್ಣ. ದೇವಕಮ್ಮ ಸೆರಗು ಒದ್ದೆ ಮಾಡಿಕೊಂಡು ಓಡಿದಳು.

“ನಿಂದ್ರವ್ವಾ, ಒರಸ್ತೀನಿ! ನಿನ್ನ ಅರಿಬಿ ಮತ್ತ ಮಸಿ ಆಗಬಾರ್ದಂತ ನಾ ಸುಣ್ಣ ಬಳದ್ರ…”

ರೇಣಮ್ಮ ಕತ್ತು ತಿರುಗಿಸಿ ತನ್ನ ಬೆನ್ನು ನೋಡಿಕೊಂಡು ನಕ್ಕಳು. “ಮಸಿ ಹತ್ತಿದ್ರ ನಿಮ್ಮ ಕಣ್ಣಿಗಿ ಬೀಳಬಾರ್ದಂತ ನಾ ಕರೇ ಅರಿಬಿ ಹಾಕ್ಕೊಂಡು ಬಂದಿದ್ನಲ್ರಿ ಅಮ್ಮಾ!”