ಎರಡು ಟ್ಯೂಬು, ಏಳು ಗೆರೆ

ಎರಡನೆಯ ಏಟಿಗೆ ಸೌಂದರ್ಯಾಳ ತುಟಿ ಒಡೆಯಿತು. ಅವಳ ಗಂಡ ಈಶ್ವರ ಜಮಖಂಡಿಯ ಆ ಲ್ಯಾಬಿನ ಶಟರನ್ನು ಒಳಗಿನಿಂದ ಎಳೆದು, ಕಬ್ಬು ಕಡಿಯುವ ಕೊಯ್ತಾವನ್ನು ಮೇಜಿನ ಮೇಲಿಟ್ಟ. ಉಳಿದವರೆಲ್ಲ ಊಟಕ್ಕೆ ಹೋಗಿದ್ದರು. ಒಳಗಿದ್ದವಳು ಟೆಕ್ನಿಷಿಯನ್ ಕುಮುದಿನಿ ಒಬ್ಬಳೇ. ಅವಳ ಮೊಬೈಲು ಆಗಲೇ ಅವನ ಜೇಬು ಸೇರಿತ್ತು.

“ರಿಪೋರ್ಟ್ ಬರೂತನಾ ಯಾರೂ ಅಲ್ಲಾಡಂಗಿಲ್ಲ,” ಎಂದ. “ಇಕೀಗಿ ರೋಗ ಇತ್ತಂದ್ರ ಇಲ್ಲೇ ಕಡೀತೇನಿ.”

ಸೌಂದರ್ಯಾಳಿಗೆ ಕಿಬ್ಬೊಟ್ಟೆ ನೋವು, ಬಿಡದ ಜ್ವರ. ಡಾಕ್ಟರು ಗಂಡ ಹೆಂಡತಿ ಇಬ್ಬರ ಸ್ಯಾಂಪಲ್ಲನ್ನೂ ಕಳಿಸಿದ್ದರು. ಕೂಡಿ ಮಲಗುವುದರಿಂದ ಹಬ್ಬುವ ರೋಗ ಇರಬಹುದು ಎಂದಿದ್ದರು. ಅಷ್ಟೇ ಸಾಕಾಯಿತು. ತಮ್ಮೂರು ಹಿಪ್ಪರಗಿಯಿಂದ ಬರುವಾಗ ದಾರಿಯಲ್ಲಿ ಎರಡು ಕಡೆ ಬೈಕು ನಿಲ್ಲಿಸಿ ಹೆಂಡತಿಯನ್ನು ಬಡಿದಿದ್ದ, ಮಹಾನುಭಾವ.

“ಮೊದ್ಲ ನನಗ ಉಚ್ಚಿ ಉರಿ ಸುರು ಆಗಿತ್ರಿ. ಬೀಳಗ್ಯಾಗ ಸೂಜಿ ಮಾಡಿಸ್ಕೊಂಡೆ, ಹೋತು. ನನಗ ಹಚ್ಚಿದಾಕಿ ಇಕೀನ,” ಎಂದ ಕುಮುದಿನಿಗೆ.

ಸೌಂದರ್ಯಾ ಸೆರಗಿನಿಂದ ರಕ್ತ ಒರೆಸಿಕೊಂಡಳು. “ಇನ್ನ ಎಷ್ಟೊತ್ತು ಆಗತೈತ್ರಿ, ಬಾಯಾರ? ಮನ್ಯಾಗ ನನ್ನ ತಂಗಿ ಕಾವೇರಿ ಒಬ್ಬಾಕೀನ ಅದಾಳ. ಡಿಗ್ರಿ ಕಡೀ ವರ್ಷ ಅಂತ ನಮ್ಮಲ್ಲೇ ಇಟ್ಕೊಂಡೇನ್ರಿ.”

ತನ್ನ ಕತ್ತಿನ ಮೇಲೆ ಕೊಯ್ತಾ ತೂಗುತ್ತಿರುವಾಗಲೂ ತಂಗಿಯ ಚಿಂತೆ! ಎಂದುಕೊಳ್ಳುತ್ತ ಕುಮುದಿನಿ ಯಂತ್ರದ ಪರದೆಯತ್ತ ತಿರುಗಿದಳು.

ಒಂದೊಂದು ಟ್ಯೂಬಿನಲ್ಲೂ ಏಳೇಳು ರೋಗಗಳ ಜೀನುಗಳನ್ನು ಒಟ್ಟಿಗೇ ಹುಡುಕುವ ಯಂತ್ರ ಅದು. ಇದ್ದ ರೋಗದ ಗೆರೆ ಪರದೆಯ ಮೇಲೆ ಏಳುತ್ತದೆ, ಇಲ್ಲದ್ದು ಮಲಗಿರುತ್ತದೆ. ಈಶ್ವರನ ಏಳೂ ಗೆರೆ ಮಲಗಿದ್ದವು. ಬೀಳಗಿಯ ಸೂಜಿ ಅವನ ರೋಗವನ್ನು ಅಳಿಸಿಹಾಕಿತ್ತು. ಸೌಂದರ್ಯಾಳ ಟ್ಯೂಬಿನಲ್ಲಿ ಒಂದು ಹಸಿರು ಗೆರೆ ಎದ್ದು ನಿಂತಿತು. ಇವನೇ ತಂದು ಹಚ್ಚಿದ್ದು, ಅವಳಲ್ಲಿ ಉಳಿದುಕೊಂಡಿದೆ ಎಂದು ಕುಮುದಿನಿಗೆ ಅರ್ಥವಾಯಿತು. ಅದನ್ನು ಈ ಮನುಷ್ಯನಿಗೆ ತಿಳಿಸಿ ಹೇಳುವವರು ಯಾರು?

ಈಶ್ವರ ಹೆಂಡತಿಯ ತುರುಬು ಹಿಡಿದು ಅವಳ ಕುತ್ತಿಗೆಯನ್ನು ಮೇಜಿಗೆ ಒತ್ತಿದ. ಇನ್ನೊಂದು ಕೈ ಕೊಯ್ತಾದ ಹಿಡಿಯ ಮೇಲಿತ್ತು. “ಹೇಳ್ರಿ.”

ಕೆಲಸಕ್ಕೆ ಸೇರಿದಾಗಿನಿಂದ ಕುಮುದಿನಿ ಒಂದೇ ಒಂದು ರಿಪೋರ್ಟು ತಿರುಚಿದವಳಲ್ಲ. ಈಗ ತಿರುಚಿದಳು.

“ರೋಗ ನಿಮಗದ. ನಿಮ್ಮ ಹೆಂಡ್ತಿಗೆ ಏನೂ ಇಲ್ಲ.”

ಅವನ ಹಿಡಿತ ಸಡಿಲಾಯಿತು. “ಹಂಗಾರ ಇಕಿ ಅಲ್ಲ,” ಎಂದ. ಹೆಂಡತಿಯ ತಲೆ ಸವರಿದ. ಮೊಬೈಲನ್ನು ಮೇಜಿನ ಮೇಲಿಟ್ಟು, ಕೊಯ್ತಾ ಎತ್ತಿಕೊಂಡು, ಶಟರ್ ಸರಿಸಿ ಹೊರಟುಹೋದ. ಬೈಕು ಹಿಪ್ಪರಗಿಯ ರಸ್ತೆ ಹಿಡಿಯಿತು.

ಕುಮುದಿನಿ ಲೋಟಕ್ಕೆ ನೀರು ಬಗ್ಗಿಸಿದಳು. ಅವಳಿಗೆ ನಗು ಬಂತು. ಎಂಥ ರಾಕ್ಷಸನಿಗೂ ನಾಚಿಕೆ ಅನ್ನುವುದು ಇರುತ್ತದಲ್ಲ ಎನಿಸಿತು. “ಜೀವ ಉಳೀತು ನೋಡವಾ. ಸ್ವಲ್ಪ ನೀರು ಕುಡಿ.”

ಸೌಂದರ್ಯಾ ನೀರು ಮುಟ್ಟಲಿಲ್ಲ. ಮೇಜಿನ ಮೇಲಿದ್ದ ಮೊಬೈಲು ಕಸಿದುಕೊಂಡು ತಂಗಿಗೆ ಫೋನು ಹಚ್ಚಿದಳು. ರಿಂಗಾಗುತ್ತಲೇ ಇತ್ತು, ಕಾವೇರಿ ಎತ್ತಲಿಲ್ಲ.

“ಅಂವಾ ಕಾವೇರೀನ್ನೂ ಬಿಟ್ಟಿಲ್ರೀ, ಬಾಯಾರ. ನಾ ಅಲ್ಲಂದ್ರ ಹಚ್ಚಿದಾಕಿ ಆಕೀನ ಅಂತ ಕಡ್ಯಾಕ ಹೊಂಟಾನ.”