ಅನಂತಣ್ಣನ ನೆಟ್ ಪಾಳಿ

ಎರಡು ಗಂಟೆಯಾದದ್ದೇ ತಡ, ಅನಂತರಾಜು ಸರ್ವರ್ ರೂಮಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು ಒಂದೊಂದೇ ವೈರು ಕೀಳತೊಡಗಿದ. ಕೆಮಿಸ್ಟ್ರಿಯದು ಬಂತು, ಫಿಸಿಕ್ಸಿನದು ಬಂತು, ಲೈಬ್ರರಿಯದು ಬಂತು, ಕೊನೆಗೆ ಪ್ರಿನ್ಸಿಪಾಲರದ್ದೂ ಬಂತು. ಬಾಟನಿಯದೊಂದನ್ನು ಮಾತ್ರ ಮುಟ್ಟಲಿಲ್ಲ. ಆಮೇಲೆ ಮೊಬೈಲನ್ನು ಸೈಲೆಂಟಿಗೆ ಹಾಕಿ ಜೇಬಿಗಿಳಿಸಿದ. ಇನ್ನೊಂದು ಗಂಟೆ ಯಾರೇ ಫೋನ್ ಮಾಡಿದರೂ ಬೈಯುವುದಕ್ಕೇ ಮಾಡುತ್ತಾರೆ. ಬೈದುಕೊಳ್ಳಲಿ ಬಿಡಿ.

ಗುಬ್ಬಿಯ ಆ ಕಾಲೇಜಿನಲ್ಲಿ ನೆಟ್ ಅಂದರೆ ಬೀದಿ ನಲ್ಲಿಯ ನೀರಿದ್ದ ಹಾಗೆ. ಒಂದು ಕಡೆ ಬಿಟ್ಟರೆ ಇನ್ನೊಂದು ಕಡೆ ಇಲ್ಲ. ಅದಕ್ಕೇ ಅನಂತರಾಜು ಪಾಳಿ ಮಾಡಿದ್ದ. ದೊಡ್ಡ ಕೆಲಸ ಇದ್ದವರಿಗೆ ಪಾಳಿ, ಮಿಕ್ಕವರ ವೈರು ಇವನ ಕೈಯಲ್ಲಿ. ಡಾಕ್ಟರೇಟ್ ಪಡೆದ ಮೇಷ್ಟ್ರುಗಳೂ "ಅನಂತಣ್ಣಾ, ನಮ್ಮ ಕಡೆ ಒಂಚೂರು ನೋಡಪ್ಪಾ" ಅನ್ನುತ್ತ ಇವನ ಬಾಗಿಲಲ್ಲಿ ನಿಲ್ಲುತ್ತಿದ್ದರು. ಹೋದ ವಾರ ವಿಶ್ವವಿದ್ಯಾಲಯಗಳನ್ನೆಲ್ಲ ಜೋಡಿಸುವ ಹೈಸ್ಪೀಡ್ ಲೈನು ತುಮಕೂರಿನಿಂದ ಇಲ್ಲಿಗೂ ಬಂದಿತ್ತು, ನಿಜ. ಎಲ್ಲರೂ ಒಟ್ಟಿಗೇ ಬಳಸಬಹುದು ಎಂದು ಎಳೆದವರು ಹೇಳಿಯೂ ಹೋಗಿದ್ದರು. ಅವರು ಹೇಳಿದ್ದನ್ನೆಲ್ಲ ನಂಬಲು ಅನಂತರಾಜು ಏನು ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವನೇ?

ಅದೂ ಇವತ್ತು ತೇಜಸ್ವಿನಿಯ ಪಾಳಿ. ಚೇಳೂರು ಕಡೆಯ ತೋಟಗಳಲ್ಲಿ ತೆಂಗಿನ ಗರಿ ಹಳದಿಯಾಗಿ ಯಾಕೆ ಜೋತುಬೀಳುತ್ತಿದೆ ಎಂದು ಸಂಶೋಧನೆ ಮಾಡುತ್ತಿರುವ ಹುಡುಗಿ. ಅವಳು ಕಳಿಸಿದ ಗರಿಯ ಚೂರು ಬೆಂಗಳೂರಿನ ದೊಡ್ಡ ಮೈಕ್ರೋಸ್ಕೋಪಿನೊಳಗೆ ಕೂತಿದೆ. ಇಲ್ಲಿ ಇವಳು ಮೌಸ್ ಆಡಿಸಿದರೆ ಅಲ್ಲಿ ಯಂತ್ರ ಅಲುಗುತ್ತದೆ. ಸಿಕ್ಕಿರುವುದು ಮೂರು ಗಂಟೆಯವರೆಗೆ ಮಾತ್ರ. ಇದು ತಪ್ಪಿದರೆ ಮತ್ತೆ ದೀಪಾವಳಿ ಕಳೆದ ಮೇಲೆಯೇ, ಅವಳ ಫೆಲೋಶಿಪ್ಪೋ ಗೌರಿಹಬ್ಬಕ್ಕೇ ಮುಗಿಯುತ್ತದೆ. ಪಾಪ, ಬಿಸಿಲೆನ್ನದೆ ತೋಟ ತೋಟ ಸುತ್ತಿದ ಮಗು. ಅದಕ್ಕಾಗಿ ಒಂದು ಗಂಟೆ ಕಾಲೇಜು ಸುಮ್ಮನಿದ್ದರೆ ಯಾರಪ್ಪನ ಗಂಟೇನು ಹೋಗುತ್ತದೆ?

ಸ್ವಲ್ಪ ಹೊತ್ತಿಗೇ ಬಾಗಿಲು ದಡದಡ ಬಡಿದ ಸದ್ದಾಯಿತು.

"ತೆಗೆಯಕ್ಕಿಲ್ಲ ಸಾರ್! ಮೂರು ಗಂಟೆಗೆ ಬನ್ನಿ!"

"ಅನಂತಣ್ಣಾ, ನಾನು ಕಣಣ್ಣಾ, ತೇಜಸ್ವಿನಿ! ಬಾಗ್ಲು ತೆಗೀರಿ!"

ತೆಗೆದರೆ ಹುಡುಗಿಯ ಮುಖದಲ್ಲಿ ರಕ್ತವೇ ಇಲ್ಲ. "ನೆಟ್ ಹೋಯ್ತಣ್ಣ. ಇನ್ನೇನು ಫೋಕಸ್ ಬಂತು ಅನ್ನೋಷ್ಟ್ರಲ್ಲಿ ಹೋಯ್ತು. ಫೋನಾದ್ರೂ ಎತ್ತಬಾರ್ದಾ?"

"ಹೆಂಗಮ್ಮ ಹೋಯ್ತದೆ? ನಿನ್ನ ಬಾಟನಿ ವೈರು ನಾನು ಮುಟ್ಟೇ ಇಲ್ಲ!"

"ಬಾಟನೀಲಿ ಎಲ್ಲಿದೀನಣ್ಣ? ನಮ್ಮ ಕಂಪ್ಯೂಟರ್ ಬೆಳಗ್ಗೆನೇ ಕೆಟ್ಟೋಯ್ತು. ಸದಾಶಿವಯ್ಯ ಸಾರು ಅವರ ಫಿಸಿಕ್ಸ್ ಲ್ಯಾಬಲ್ಲಿ ಕೂರ್ಸವ್ರೆ."

ಅನಂತರಾಜು ಕಿತ್ತಿಟ್ಟ ವೈರುಗಳತ್ತ ತಿರುಗಿದ. ಯಾರಿಗೋಸ್ಕರ ಎಲ್ಲರ ಕೈಲೂ ಬೈಸಿಕೊಳ್ಳಲು ಹೊರಟಿದ್ದನೋ ಅವಳ ಕತ್ತನ್ನೇ ಹಿಸುಕಿ ಕೂತಿದ್ದ. ಫಿಸಿಕ್ಸಿನ ವೈರು ಸಿಕ್ಕಿಸಿ "ಓಡು, ಓಡಮ್ಮ" ಎಂದ. ಅವಳು ಓಡಿದಳು. ಅವಳು ಲ್ಯಾಬ್ ಮುಟ್ಟಿ ಕೂರುವಷ್ಟರಲ್ಲಿ ಇವನೇ ಫೋನ್ ಮಾಡಿದ.

"ಬಂತಾ?"

"ಬಂತು, ಬಂತು! ಬೆಂಗಳೂರಿನವ್ರು ಕಾಯ್ತಾ ಇದಾರೆ, ದೇವರಂಥವ್ರು."

ಅಷ್ಟರಲ್ಲಿ ಫೋನಿನಲ್ಲಿ ಪ್ರೊಫೆಸರ್ ಸದಾಶಿವಯ್ಯನವರ ದನಿ ಕೇಳಿಸಿತು. "ಏನ್ರೀ ಅನಂತರಾಜು, ಮಿಕ್ಕವರದ್ದೂ ಹಾಕ್ರೀ. ಲೈಬ್ರರೀಲಿ ಎಂ.ಎಸ್ಸಿ. ಮಕ್ಳು ದೆಹಲಿ ಮೇಷ್ಟ್ರ ಪಾಠ ಕೇಳ್ತಾ ಇದ್ರು, ಅರ್ಧಕ್ಕೇ ನಿಂತೋಗಿದೆ."

"ಹಾಕಿದ್ರೆ ಈ ಮಗೂದು ನಿಂತೋಯ್ತದೆ ಸಾರ್! ಆಗಲ್ಲ."

"ಹಾಕಣ್ಣ," ಎಂದಳು ತೇಜಸ್ವಿನಿ. ಅವಳ ದನಿಯಲ್ಲೂ ಹೆದರಿಕೆ ಇತ್ತು. "ಅವರದ್ದೂ ಓದೇ ತಾನೆ? ನಿಂತ್ರೆ ಹೇಳ್ತೀನಿ, ತಕ್ಷಣ ಕಿತ್ತಾಕಿ."

ಅನಂತರಾಜು ಲೈಬ್ರರಿಯ ವೈರು ಸಿಕ್ಕಿಸಿದ.

"ನಿಂತಾ?"

"ಇಲ್ಲ."

ಕೆಮಿಸ್ಟ್ರಿಯದು ಸಿಕ್ಕಿಸಿದ. "ಈಗ?"

"ಇಲ್ಲಣ್ಣ, ಓಡ್ತಾ ಇದೆ."

ಪ್ರಿನ್ಸಿಪಾಲರದ್ದು ಸಿಕ್ಕಿಸಿ, "ಈಗ್ಲಾದ್ರೂ ನಿಂತಾ?" ಎಂದುಬಿಟ್ಟ. ಹಾಗೆ ಕೇಳುವಾಗ, ನಿಲ್ಲಲಿ ಎಂಬ ಆಸೆ ದನಿಯಲ್ಲಿ ಒಂದೆಳೆಯಷ್ಟು ಇಣುಕಿದ್ದು ಅವನಿಗೇ ಕೇಳಿಸಿತು. ಥೂ, ನನ್ನ ಬುದ್ಧಿಗಿಷ್ಟು ಎಂದು ನಾಚಿಕೊಂಡ. ಇನ್ನು ಈ ಬಾಗಿಲಿಗೆ ಯಾರು ಬರುತ್ತಾರೆ?

ಫೋನಿನಲ್ಲಿ ತೇಜಸ್ವಿನಿ ಕಿಟಾರನೆ ಕಿರುಚಿದಳು. ಕೆಟ್ಟೆನಪ್ಪಾ ಎಂದುಕೊಂಡು ಅನಂತರಾಜು ಫಿಸಿಕ್ಸ್ ಲ್ಯಾಬಿಗೆ ಓಡಿದ. ಹೋಗಿ ನೋಡಿದರೆ ಹುಡುಗಿ ಅಳುತ್ತ ನಗುತ್ತಿದ್ದಾಳೆ. ಪರದೆಯ ಮೇಲೆ ಕೊಳವೆಯಂಥದ್ದೊಂದು, ಅದರ ತುಂಬ ಜೇಡರ ಬಲೆಯಂತೆ ಬೂಷ್ಟಿನ ಎಳೆಗಳು.

"ನೋಡಣ್ಣ, ಗರಿಗೆ ನೀರು ಹೋಗೋ ದಾರಿ ಇದು. ಎಲ್ರೂ ಗೊಬ್ಬರ ಸಾಲದು, ನೀರು ಸಾಲದು ಅಂತಿದ್ರು. ಅಲ್ಲ ಕಣಣ್ಣ, ಇದು ಕಟ್ಕೊಂಡಿದೆ. ಇನ್ನು ಇದಕ್ಕೆ ಮದ್ದು ಹುಡುಕಬಹುದು!"

ಅನಂತರಾಜು ಬಾಯಿ ಬಿಟ್ಟುಕೊಂಡು ನೋಡಿದ. ಇಷ್ಟು ವರ್ಷ ನೆಟ್ ಕೊಟ್ಟವನು, ಅದರಿಂದ ಇವರು ಏನು ನೋಡುತ್ತಾರೆಂದು ಒಂದು ದಿನವೂ ಬಂದು ನೋಡಿರಲಿಲ್ಲ. ತೇಜಸ್ವಿನಿ ಎದ್ದು ಅವನ ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದಳು. "ಇನ್ನೂ ಟೈಮಿದೆ. ನೀವೂ ಒಂಚೂರು ಆಡ್ಸಿ." ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮೌಸನ್ನು ಕೂದಲೆಳೆಯಷ್ಟು ಸರಿಸಿದ. ಪರದೆಯ ಮೇಲಿನ ಎಳೆಗಳೆಲ್ಲ ಮೆಲ್ಲಗೆ ಪಕ್ಕಕ್ಕೆ ಸರಿದವು.

ಸ್ಪೀಕರಿನಲ್ಲಿ ಬೆಂಗಳೂರಿನ ತಂತ್ರಜ್ಞರ ದನಿ ಬಂತು: "ಧೈರ್ಯವಾಗಿ ಎಳೀರಿ, ಏನೂ ಆಗಲ್ಲ. ನಿಮ್ಮ ಕಡೆ ಲೈನು ಬಹಳ ಚೆನ್ನಾಗಿದೆ ರೀ. ಅಲ್ಲಿ ಯಾರು ನೋಡ್ಕೊಳ್ಳೋದು?"

ಲ್ಯಾಬಿನಲ್ಲಿದ್ದವರೆಲ್ಲ ಅನಂತರಾಜುವಿನ ಮುಖ ನೋಡಿದರು. ಅವನು ಪರದೆಯಿಂದ ಕಣ್ಣು ಕೀಳಲಿಲ್ಲ.

"ಯಾರೂ ಮುಟ್ತಾ ಇಲ್ಲ ಸಾರ್," ಎಂದ, "ಅದಕ್ಕೇ ಚೆನ್ನಾಗಿದೆ."