ಮೂರು ಸಲ ಕರೆಯಬೇಕು

ಊರನ್ನೇ ಬರಿದು ಮಾಡಿದ ರೋಗ ಮುಗಿದ ಮೇಲೆ, ಹುಬ್ಬಳ್ಳಿಯಲ್ಲಿ ಒಂದೊಂದು ಓಣಿಯಲ್ಲಿ ಬದುಕಿ ಉಳಿದವರೆಲ್ಲ ಸೇರಿ ಒಂದೊಂದು ಮನೆ ಎಂದು ಸರಕಾರದ ನಿಯಮವಾಯಿತು. ಗಿರಣಿ ಓಣಿಯಲ್ಲಿ ಉಳಿದವರು ಮೂವರು: ಬಸ್ ಕಂಡಕ್ಟರ್ ಆಗಿದ್ದ ರೇವಣಪ್ಪ, ಮಂಗಳೂರು ಕಡೆಯ ನರ್ಸ್ ಫೆಲ್ಸಿ, ಹತ್ತು ವರ್ಷದ ಮುಬೀನಾ. ಅವರನ್ನು ಅಜ್ಜ, ತಾಯಿ, ಮಗಳು ಎಂದು ಜೋಡಿಸಿ ತಿಂಗಳಾಗಿತ್ತು. ಮುಬೀನಾ ಮಾತ್ರ ಇನ್ನೂ ನೆಂಟರ ಮನೆಗೆ ಬಂದವಳಂತೆ ಹಾಕಿದ್ದನ್ನು ತಿಂದು, ತಟ್ಟೆ ತೊಳೆದಿಟ್ಟು, “ಚಲೋ ಆಗಿತ್ರಿ” ಎನ್ನುತ್ತಿದ್ದಳು.

ಅಂದು ಫೆಲ್ಸಿ ತನ್ನ ಕಡೆಯ ರೂಢಿಯಂತೆ ಬೇಳೆಸಾರಿಗೆ ತೆಂಗಿನಕಾಯಿ ಅರೆದು ಹಾಕಿದ್ದಳು.

“ನಾ ಉಣ್ಣಂಗಿಲ್ಲ!” ರೇವಣಪ್ಪ ಎದ್ದು ಹೋಗಿ ಹೊರಗೆ ಕಟ್ಟೆಯ ಮೇಲೆ ಕುಳಿತ.

“ಆಯ್ತು ಮಾರಾಯ್ರೆ” ಎಂದು ಫೆಲ್ಸಿ ಅವನ ರೊಟ್ಟಿಯನ್ನೂ ತಾನೇ ತಿಂದಳು.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಅವನ ತಲೆ ಕಾಣಿಸಿತು. “ನನ್ನ ಯಾಕ ಕರೀಲಿಲ್ಲ?”

“ನೀವೇ ಬೇಡ ಅಂದದ್ದಲ್ವಾ?”

“ಬ್ಯಾಡ ಅಂದ್ರ ಬ್ಯಾಡ ಅಂತ ತಿಳೀತೀಯೇನವ್ವಾ? ಸಿಟ್ಟು ಮಾಡಿ ಎದ್ದವ್ರನ್ನ ಮನಿಯವ್ರು ಮೂರು ಸಲ ಕರೀಬೇಕು. ಮೂರನೇದಕ್ಕ ಬರ್ತೀವಿ.”

“ಮೊದಲನೇದಕ್ಕೇ ಬಂದರೆ?”

“ಮರ್ಯಾದಿ ಏನಾತು?”

ಮುಬೀನಾ ಎಲ್ಲವನ್ನೂ ಕೇಳಿಸಿಕೊಂಡು ತನ್ನ ತಟ್ಟೆ ತೊಳೆದಿಟ್ಟಳು.

ಮರುದಿನ ಉಪ್ಪಿಟ್ಟು ನೋಡಿದವಳೇ ತಟ್ಟೆ ದೂಡಿದಳು. “ನಂಗ ಬ್ಯಾಡ!” ದಡದಡನೆ ಹೋಗಿ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕುಳಿತಳು.

ಫೆಲ್ಸಿ ಬಾಯಿ ತೆರೆಯುವಷ್ಟರಲ್ಲಿ ರೇವಣಪ್ಪ ತಟ್ಟೆ ಹಿಡಿದು, ಹೊಸ್ತಿಲು ಎಡವುತ್ತ ಹೊರಗೆ ಓಡಿದ.

“ಬಾ ಮಗಳ, ಬಾರವ್ವಾ, ಬಾ ನಮ್ಮವ್ವಾ!” ಮೂರೂ ಕರೆಯನ್ನು ಒಂದೇ ಉಸಿರಿಗೆ ಮುಗಿಸಿಬಿಟ್ಟ.

ಮುಬೀನಾ ತಿರುಗಲಿಲ್ಲ.

“ಅದು ಬರೇ ಒಂದು ಸಲ ಆತು, ಅಜ್ಜಾ.”